ಏನೂ ಇಲ್ಲ ಬಿಡಿ!

ಹೋದ ವರ್ಷ ಸುಗ್ಗಿಯ ಕೆಲಸಗಳೆಲ್ಲ ಮುಗಿದ ಮೇಲೆ ನಮ್ಮ ಊರ್ಡಿಗೆರೆಯಲ್ಲಿ ಒಂದು ಸಭೆ ನಡೆಯಿತು. ಹೊರಗಿನಿಂದ ಬಂದಿದ್ದ ಭಾಷಣಕಾರರೊಬ್ಬರು ಹಳ್ಳಿಯ ಊಟ, ಹಳ್ಳಿಯ ಆರೋಗ್ಯಗಳ ವಿಚಾರವಾಗಿ ಮುಕ್ಕಾಲು ಗಂಟೆ ಮಾತನಾಡಿದರು. ಒಳ್ಳೆಯ ಕಂಠ, ಒಳ್ಳೆಯ ಕನ್ನಡ, ನಡುನಡುವೆ ಹಾಸ್ಯ. ಶಾಮಿಯಾನದ ಕೆಳಗೆ ಕುಳಿತಿದ್ದ ಜನ ಚಪ್ಪಾಳೆಯ ಮೇಲೆ ಚಪ್ಪಾಳೆ ತಟ್ಟಿದರು. ಅವರು ಹೇಳಿದುದರ ಸಾರಾಂಶ ಇಷ್ಟು: ಹಸಿವಾಗುವವನಿಗೆ, ನಿದ್ದೆ ಬರುವವನಿಗೆ, ಮೈಯಲ್ಲಿ ನೋವಿಲ್ಲದವನಿಗೆ ರಕ್ತಪರೀಕ್ಷೆ ಬೇಕಾಗಿಲ್ಲ, ರಾಗಿಮುದ್ದೆ ತಿಂದ ನಮ್ಮ ಹಿರಿಯರಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ಎದೆಯ ಕಾಯಿಲೆಯೂ ಇರಲಿಲ್ಲ, ಕೊಲೆಸ್ಟರಾಲ್ ಎಂಬುದು ಔಷಧದ ಕಂಪನಿಗಳು ಹುಟ್ಟುಹಾಕಿದ ಭೂತ. ಕೊನೆಗೆ ಕೈಯೆತ್ತಿ, “ನಿಮಗೆ ಏನೂ ಆಗಿಲ್ಲ, ಹೆದರಬೇಡಿ” ಎಂದು ಅಭಯ ಕೊಟ್ಟು ಕುಳಿತರು.

ಮೂರನೆಯ ಸಾಲಿನಲ್ಲಿ ನಾನೂ ಇದ್ದೆ. ನನ್ನ ಕೈ ಮಾತ್ರ ಮೇಲೇಳಲಿಲ್ಲ. ಸಭೆ ಮುಗಿದ ಮೇಲೆ ಎದ್ದು ನಿಂತು ಎರಡು ಪ್ರಶ್ನೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ವಂದನಾರ್ಪಣೆಯಾಗಿ, ಉಪ್ಪಿಟ್ಟು ಕೇಸರಿಭಾತಿನ ತಟ್ಟೆಗಳು ಬಂದವು. ಅಂದು ಕೇಳಲಾಗದೆ ಹೋದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಆದರೆ ಲೆಕ್ಕ ತಪ್ಪಿದ್ದರೆ ತಪ್ಪಿದೆ ಎನ್ನಲು ವೈದ್ಯನೇ ಆಗಬೇಕೆಂದಿಲ್ಲವಷ್ಟೆ. ಭಾಷಣಕಾರರ ಮೂರು ಮಾತುಗಳಲ್ಲೂ ಲೆಕ್ಕ ತಪ್ಪಿದೆ. ಅದೇ ತಪ್ಪು ಲೆಕ್ಕವನ್ನು ಮೊದಲು ಮಾಡಿದವನು ನಾನು, ಅದರ ಬೆಲೆ ಕೊಟ್ಟವನು ನನ್ನ ತಮ್ಮ. ಆದ್ದರಿಂದಲೇ ಈ ಮಾತು ಸ್ವಲ್ಪ ಕಟುವಾದರೆ ವಾಚಕರು ಕ್ಷಮಿಸಬೇಕು.

ಮೊದಲನೆಯ ಮಾತು: ನೋವಿಲ್ಲದವನು ಆರೋಗ್ಯವಂತ.

ನನ್ನ ತಮ್ಮ ನನಗಿಂತ ಐದು ವರ್ಷ ಚಿಕ್ಕವನು. ತೆಂಗು, ಅಡಕೆ, ಎರಡು ಹಸು ಅವನ ಸಂಸಾರ. ಬೀಡಿ ಇಲ್ಲ, ಹೆಂಡ ಇಲ್ಲ. ಮೈ ತೆಳ್ಳಗೆ; ಹೊಟ್ಟೆ ಮಾತ್ರ ಈಚೆಗೆ ಕೊಂಚ ಮುಂದೆ ಬಂದಿತ್ತು. ಅದನ್ನು ನಾವು ಸುಖದ ಹೊಟ್ಟೆಯೆಂದು ನಕ್ಕು ಮಾತಾಡುತ್ತಿದ್ದೆವು. ಒಮ್ಮೆ ಶಾಲೆಯ ಅಂಗಳದಲ್ಲಿ ತಪಾಸಣೆಯ ಶಿಬಿರ ನಡೆದಾಗ, ಎಲ್ಲರೂ ಹೋಗುತ್ತಾರೆಂದು ಅವನೂ ಹೋಗಿ ರಕ್ತ ಕೊಟ್ಟು ಬಂದ. ವಾರದ ಮೇಲೆ ಒಂದು ಚೀಟಿ ಬಂತು. ಖಾಲಿ ಹೊಟ್ಟೆಯ ಸಕ್ಕರೆ ೧೧೮. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್.ಡಿ.ಎಲ್. ೧೬೮. ರಕ್ತದ ಒತ್ತಡ ೧೪೮ಕ್ಕೆ ೯೪. ಚೀಟಿಯನ್ನು ಹಿಡಿದು ನನ್ನ ಜಗಲಿಗೆ ಬಂದು, “ಅಣ್ಣಯ್ಯ, ಇದೇನೋ ಬರ್ದವ್ರೆ, ನೋಡು” ಎಂದ. ಓದು ಬರಹ ಬಲ್ಲ ಅಣ್ಣನಲ್ಲವೆ ನಾನು! ಕನ್ನಡಕ ಏರಿಸಿ ನೋಡಿದೆ. “ಸಕ್ಕರೆ ಕಾಯಿಲೆಗೆ ನೂರಿಪ್ಪತ್ತಾರು ಆಗಬೇಕು ಕಣೋ, ನಿನ್ನದು ಬಾರ್ಡರಲ್ಲಿದೆ. ಏನೂ ಇಲ್ಲ ಬಿಡು” ಎಂದೆ. ಅವನು ಸಮಾಧಾನದಿಂದ ಹೋಗಿ, ಚೀಟಿಯನ್ನು ದೇವರ ಪಟದ ಹಿಂದೆ ಪಂಚಾಂಗದೊಳಗೆ ಸಿಕ್ಕಿಸಿ, ಹಸುವಿಗೆ ಹುಲ್ಲು ಹಾಕಲು ಹೊರಟುಹೋದ.

ಇದಾಗಿ ಒಂದೂವರೆ ವರ್ಷ. ಒಂದು ಬೀಗರೂಟದ ರಾತ್ರಿ, ಒಂಬತ್ತೂವರೆಯ ಸಮಯದಲ್ಲಿ ಎದೆ ಉರಿಯುತ್ತದೆ ಎಂದ. ಬೆವರು ಸುರಿಯುತ್ತಿತ್ತು. ದವಡೆ ಹಿಡಿದಂತಾಗುತ್ತದೆ ಎಂದೂ ಹೇಳಿದ. ನಮ್ಮ ಕಡೆ ಸೊಂಟದ ಮೇಲಿನ ಎಲ್ಲ ಸಂಕಟಕ್ಕೂ ಒಂದೇ ಹೆಸರು: ಗ್ಯಾಸ್ಟ್ರಿಕ್ಕು. ಸೋಡಾ ಕುಡಿಸಿದೆವು, ಓಮದ ಕಾಳು ಅಗಿಸಿದೆವು, ಬೆನ್ನು ನೀವಿದೆವು. ಆಗಲೂ ನಾನು ಹೇಳಿದ್ದು ಅದೇ ಮಾತು. ಅವನ ಹೆಂಡತಿ, “ಭಾವ, ಕಾರು ತರಿಸಿ, ಯಾಕೋ ಸರಿ ಕಾಣ್ತಿಲ್ಲ” ಎಂದು ಮೂರು ಸಲ ಹೇಳಿದಳು. ಓದದ ಆ ಹೆಣ್ಣುಮಗಳಿಗೆ ಕಂಡುದು ಓದಿದ ನನಗೆ ಕಾಣಲಿಲ್ಲ. ಹನ್ನೆರಡರ ಹೊತ್ತಿಗೆ ಕಾರು ಹತ್ತಿಸಿದೆವು. ತುಮಕೂರು ಮುಟ್ಟುವ ಮೊದಲೇ ದಾರಿಯಲ್ಲಿ ಅವನ ತಲೆ ನನ್ನ ತೋಳಿನ ಮೇಲೆ ವಾಲಿತು. ವಯಸ್ಸು ೪೮.

ಸಾವಿನ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: “ಒಂದು ದಿನ ತಲೆನೋವು ಅಂದವನಲ್ಲ, ಎಷ್ಟು ಆರೋಗ್ಯವಾಗಿದ್ದ!” ಹನ್ನೊಂದನೆಯ ದಿನಕ್ಕೆ ತಿಥಿ ನೋಡಲು ಪಂಚಾಂಗ ತೆಗೆದಾಗ ಆ ಚೀಟಿ ನನ್ನ ಕಾಲ ಬಳಿ ಬಿತ್ತು.

ಅಲ್ಲಿಂದ ಮುಂದೆ ನಾನು ಓದತೊಡಗಿದೆ. ಓದಿದಷ್ಟೂ ತಿಳಿದುಬಂದ ಸಂಗತಿಯೆಂದರೆ, ನೋವೆಂಬುದು ಈ ರೋಗದ ಆರಂಭವಲ್ಲ, ಬಹುಮಟ್ಟಿಗೆ ಅದರ ಕೊನೆಯ ಅಧ್ಯಾಯ. ಕೊರಿಯದ ಯುದ್ಧದಲ್ಲಿ ಮಡಿದ ೩೦೦ ಮಂದಿ ಅಮೆರಿಕದ ಸೈನಿಕರ ಹೃದಯಗಳನ್ನು ಅಲ್ಲಿನ ಸೇನಾ ವೈದ್ಯರು ಬಿಚ್ಚಿ ನೋಡಿ ೧೯೫೩ರಲ್ಲಿ ವರದಿ ಬರೆದರು. ಸರಾಸರಿ ವಯಸ್ಸು ಇಪ್ಪತ್ತೆರಡು. ಸೈನ್ಯಕ್ಕೆ ಆರಿಸಿ ತೆಗೆದ ಗಟ್ಟಿ ಆಳುಗಳು. ಅವರಲ್ಲಿ ನೂರಕ್ಕೆ ಎಪ್ಪತ್ತೇಳು ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತು ಕಣ್ಣಿಗೆ ಕಾಣುವಂತೆ ಇತ್ತು! ಇಪ್ಪತ್ತೆರಡರಲ್ಲಿ ಮೊಳೆತದ್ದು ನಲವತ್ತೆಂಟರಲ್ಲಿ ಫಲ ಕೊಡುತ್ತದೆ. ನಡುವಿನ ಇಪ್ಪತ್ತಾರು ವರ್ಷ ಮನುಷ್ಯ ತಾನು ಆರೋಗ್ಯವಂತನೆಂದೇ ತಿಳಿದು ಮದುವೆಯಾಗುತ್ತಾನೆ, ಮನೆ ಕಟ್ಟುತ್ತಾನೆ, ಸಾಲ ಮಾಡುತ್ತಾನೆ.

ಇನ್ನು ನಾನು ಹೇಳಿದ ‘ಬಾರ್ಡರ್’. ೧೨೬ ಎಂಬುದು ಹೊಲದ ಬದುವಿನಲ್ಲಿ ನೆಟ್ಟ ಕಲ್ಲಲ್ಲ, ಈಚೆಗಿದ್ದರೆ ನಮ್ಮದು ಆಚೆಗಿದ್ದರೆ ಅವರದು ಎನ್ನುವುದಕ್ಕೆ. ರೋಗಕ್ಕೆ ಹೆಸರಿಡುವ ಸಲುವಾಗಿ ವೈದ್ಯರು ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದಿದ್ದಾರೆ. ದೇಹಕ್ಕೆ ಆ ಗೆರೆ ಗೊತ್ತಿಲ್ಲ. ಗೆರೆಯ ಈಚೆಗಿರುವವನಿಗೂ ಸಕ್ಕರೆ ಏರಿದಂತೆ ಹೃದಯದ ಅಪಾಯ ಮೆಲ್ಲಮೆಲ್ಲನೆ ಏರುತ್ತಲೇ ಇರುತ್ತದೆ. ಆಚೆಗೆ ಹೋದವನಿಗೆ ಅದು ಸುಮಾರು ಇಮ್ಮಡಿಯಾಗುತ್ತದೆ. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ನಮ್ಮ ದೇವರಾಯನದುರ್ಗದ ಬೆಟ್ಟಗಳಲ್ಲಿ. ಬೆಟ್ಟದ ಮೇಲೆ ನಿಂತು, ಇಲ್ಲಿಗೆ ಹೊಳೆ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಲ್ಲವರು ಯಾರಿದ್ದಾರೆ? ಅಲ್ಲಿ ಕಾಲು ನೆನೆಯುವಷ್ಟು ನೀರಿಲ್ಲವೆಂದು ಕೆಳಗೆ ಹೊಳೆಯೇ ಇಲ್ಲವೆನ್ನಬಹುದೆ?

ಮತ್ತೆ, ನನ್ನ ತಮ್ಮನ ಚೀಟಿಯಲ್ಲಿ ಒಂದೊಂದು ಅಂಕಿಯೂ ಸ್ವಲ್ಪ ಸ್ವಲ್ಪವೇ ಹೆಚ್ಚಾಗಿತ್ತು. ಸಕ್ಕರೆ ಸ್ವಲ್ಪ, ಕೊಲೆಸ್ಟರಾಲ್ ಸ್ವಲ್ಪ, ಒತ್ತಡ ಸ್ವಲ್ಪ. ಗಣಿತದ ಮೇಷ್ಟ್ರಾದ ನಾನು ಇವನ್ನು ಬೇರೆಬೇರೆಯಾಗಿ ನೋಡಿ, ಒಂದೊಂದನ್ನೂ ಚಿಕ್ಕದೆಂದು ತಳ್ಳಿದೆ. ದೇಹ ಅವನ್ನು ಒಟ್ಟಿಗೆ ಇಟ್ಟು ಲೆಕ್ಕ ಮಾಡುತ್ತದೆ. ಅದೂ ಕೂಡುವ ಲೆಕ್ಕವಲ್ಲ, ಹೆಚ್ಚುಕಡಿಮೆ ಗುಣಿಸುವ ಲೆಕ್ಕ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೧೯೪೮ರಲ್ಲಿ ೫,೨೦೯ ಮಂದಿ ಸಾಮಾನ್ಯ ಜನರನ್ನು ಪರೀಕ್ಷಿಸಿ, ಅವರ ಬೆನ್ನು ಬಿಡದೆ ವರ್ಷವರ್ಷ ನೋಡುತ್ತ ಹೋದರು. ಯಾರಿಗೆ ಹೃದಯಾಘಾತವಾಯಿತು, ಅವರು ಚೆನ್ನಾಗಿದ್ದ ಕಾಲದಲ್ಲಿ ಅವರ ರಕ್ತ ಹೇಗಿತ್ತು ಎಂದು ಹಿಂದಿನ ಕಡತ ತೆಗೆದು ನೋಡಿದರು. ಈ ಗುಣಾಕಾರ ಲೋಕಕ್ಕೆ ತಿಳಿದುದು ಹಾಗೆ. ಒಂದು ಊರಿನ ಜನ ತಮ್ಮ ಚೀಟಿಗಳನ್ನು ಜೋಪಾನ ಮಾಡಿಟ್ಟುದರಿಂದ ಲೋಕಕ್ಕೆ ಉಪಕಾರವಾಯಿತು. ನಾವು ಪಂಚಾಂಗದಲ್ಲಿಟ್ಟು ಮರೆತೆವು.

ಎರಡನೆಯ ಮಾತು: ಮುದ್ದೆ ತಿಂದ ಹಿರಿಯರಿಗೆ ಈ ಕಾಯಿಲೆ ಇರಲಿಲ್ಲ.

ರಾಗಿಯ ಮೇಲೆ ನನಗಿರುವ ಅಭಿಮಾನ ಯಾರಿಗೂ ಕಡಿಮೆಯದಲ್ಲ. ಮಂಡ್ಯದ ವಿ.ಸಿ. ಫಾರಮಿನಲ್ಲಿ ಕುಳಿತು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರಿಗೆ ನಾಡು ಸಲ್ಲಿಸಿದ ಗೌರವ ಸಾಲದೆಂದೇ ನನ್ನ ಎಣಿಕೆ. ಸುಣ್ಣದ ಅಂಶದಲ್ಲಿ, ನಾರಿನಲ್ಲಿ ರಾಗಿಯ ಮುಂದೆ ಬಿಳಿಯ ಅಕ್ಕಿ ನಿಲ್ಲಲಾರದು. ಆದರೆ ರಾಗಿಯೂ ಮೂರರಲ್ಲಿ ಎರಡು ಪಾಲು ಪಿಷ್ಟ. ನುಣ್ಣಗೆ ಬೀಸಿ, ಬೇಯಿಸಿ, ಮಗುವಿನ ತಲೆಯ ಗಾತ್ರ ಮುದ್ದೆ ಕಟ್ಟಿ ನುಂಗಿದರೆ ಅದೂ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆ. ನಮ್ಮ ತಾತ ಅಷ್ಟು ದೊಡ್ಡ ಮುದ್ದೆ ತಿಂದು ನೇಗಿಲ ಹಿಂದೆ ಎಷ್ಟು ಹರದಾರಿ ನಡೆಯುತ್ತಿದ್ದ? ಏತದ ಕಾಲ ಹೋಯಿತು, ಕಪಿಲೆಯ ಕಾಲ ಹೋಯಿತು. ಈಗ ಜಗಲಿಯ ಮೇಲೆ ಕುಳಿತು ಮೊಬೈಲ್ ಒತ್ತಿದರೆ ತೋಟದ ಪಂಪು ಶುರುವಾಗುತ್ತದೆ. ಉಳುವುದು ಟ್ರಾಕ್ಟರು, ಕುಯ್ಯುವುದು ಯಂತ್ರ, ತೋಟಕ್ಕೆ ಹೋಗುವುದು ಬೈಕಿನಲ್ಲಿ. ಬದಲಾಗದೆ ಉಳಿದುದು ಮುದ್ದೆಯ ಗಾತ್ರವೊಂದೆ! ಅದರ ಮೇಲೆ ಬೆಳಿಗ್ಗೆ ತಟ್ಟೆ ಇಡ್ಲಿ, ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ ಟೀ, ಸಂಜೆ ಬೇಕರಿಯ ಬನ್ನು ಮತ್ತು ಖಾರ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ದೂಷಿಸಿ ನಾನು ಈ ಜಿಲ್ಲೆಯಲ್ಲಿ ಬದುಕಲಾರೆ, ದೂಷಿಸುತ್ತಲೂ ಇಲ್ಲ. ಆದರೆ ಅದನ್ನು ತಿಂದು ಮಾಡುವ ಕೆಲಸವೇನು ಎಂದು ಕೇಳುತ್ತಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ ೨೦೨೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನಮ್ಮ ದೇಶದವರು ಉಣ್ಣುವ ಶಕ್ತಿಯಲ್ಲಿ ನೂರಕ್ಕೆ ೬೨ ಪಾಲು ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆ. ಸಾರಿನಲ್ಲಿ ಕಾಳು ಕಡಿಮೆ, ನೀರು ಹೆಚ್ಚು ಎಂದು ನಮ್ಮ ಹೆಂಗಸರು ಹೇಳುವುದೂ ಅದನ್ನೇ.

ಹಿರಿಯರೆಂದರೆ ಯಾರು? ತೊಂಬತ್ತು ಬದುಕಿದ ಅಜ್ಜನನ್ನು ನಾವು ನೆನೆಯುತ್ತೇವೆ. ಅವನ ಜೊತೆ ಹುಟ್ಟಿ ತೊಟ್ಟಿಲಲ್ಲೇ ಹೋದ ಮಕ್ಕಳನ್ನು, ಬಾಣಂತನದಲ್ಲಿ ಹೋದ ಅಕ್ಕನನ್ನು ನೆನೆಯುವುದಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದ ಸರಾಸರಿ ಆಯುಸ್ಸು ಮೂವತ್ತೆರಡರ ಆಸುಪಾಸು. ಪ್ಲೇಗು, ಮಲೇರಿಯ, ಹಸಿವುಗಳೇ ಜನರನ್ನು ಮೊದಲು ಕೊಂಡೊಯ್ಯುತ್ತಿದ್ದಾಗ ಹೃದಯದ ಕಾಯಿಲೆಗೆ ಸರದಿ ಬರುವುದೆಂತು? ಸಭೆಯಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಹೆಸರನ್ನೂ ಎತ್ತಿದರು. ೨೦೧೯ರಲ್ಲಿ ಲಿಂಗೈಕ್ಯರಾದಾಗ ಅವರಿಗೆ ೧೧೧ ವರ್ಷ. ಆದರೆ ಅವರ ಮಿತವಾದ ಆಹಾರವನ್ನೂ ಬಿಡುವಿಲ್ಲದ ದುಡಿಮೆಯನ್ನೂ ಅಲ್ಲೇ ಬಿಟ್ಟು, ಆಯುಸ್ಸನ್ನು ಮಾತ್ರ ನಮ್ಮ ಖಾತೆಗೆ ಬರೆದುಕೊಳ್ಳುವುದು ಎಂಥ ನ್ಯಾಯ?

ಇದಕ್ಕಿಂತಲೂ ಗಹನವಾದ ಒಂದು ಸಂಗತಿ ನಮ್ಮ ಮೈಸೂರಿನಲ್ಲೇ ಬೆಳಕಿಗೆ ಬಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರು ಮಿಷನ್ ಆಸ್ಪತ್ರೆಯೆನ್ನುವುದು, ೧೯೩೪ರಿಂದಲೂ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಆ ಹಳೆಯ ದಾಖಲೆಗಳನ್ನು ಹಿಡಿದು, ನಡುವಯಸ್ಸು ಮುಟ್ಟಿದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿ ೧೯೯೬ರಲ್ಲಿ ವರದಿ ಪ್ರಕಟಿಸಿದರು. ಹುಟ್ಟುವಾಗ ಸಣಕಲಾಗಿದ್ದ ಕೂಸುಗಳಲ್ಲೇ ಮುಂದೆ ಹೃದ್ರೋಗ ಹೆಚ್ಚಾಗಿ ಕಂಡಿತು. ತಾಯಿಯ ಹೊಟ್ಟೆಯಲ್ಲಿ ಅರೆಹೊಟ್ಟೆ ಉಂಡ ದೇಹ ಕೊರತೆಗೆ ಒಗ್ಗಿಕೊಂಡು ಹುಟ್ಟುತ್ತದೆ. ಆಮೇಲೆ ಸಮೃದ್ಧಿ ಬಂದರೆ ಅದನ್ನು ತಾಳಲಾರದೆ ಹೋಗುತ್ತದೆ ಎಂದು ಇದನ್ನು ವಿವರಿಸುತ್ತಾರೆ. ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು, ಇದು ನಮ್ಮ ಜನರ ಮೈಕಟ್ಟು. ನನ್ನ ತಮ್ಮನೂ ಹಾಗೆಯೇ ಇದ್ದ. ಬರಗಾಲದ ವರ್ಷ ಹುಟ್ಟಿದ ಕೂಸು, ಕೈಯಲ್ಲಿ ಹಿಡಿದರೆ ಬೆಕ್ಕಿನ ಮರಿಯಷ್ಟಿತ್ತು ಎಂದು ಅಮ್ಮ ಹೇಳುತ್ತಿದ್ದುದು ಈಗ ನೆನಪಾಗುತ್ತದೆ. ಹಿರಿಯರು ನಮಗೆ ಬಿಟ್ಟುಹೋದುದು ಮುದ್ದೆಯ ಬಲವನ್ನಷ್ಟೇ ಅಲ್ಲ, ತಮ್ಮ ಹಸಿವನ್ನೂ ಬಿಟ್ಟುಹೋಗಿದ್ದಾರೆ. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು ೫೩, ಬೇರೆ ದೇಶದವರಿಗೆ ಸುಮಾರು ೫೯ ಎಂದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅವರಿಗಿಂತ ಆರು ವರ್ಷ ಮೊದಲೇ ನಮ್ಮ ಬಾಗಿಲು ತಟ್ಟುವ ಈ ಅತಿಥಿಗೆ ನಾವು ಆರು ವರ್ಷ ಮೊದಲೇ ಎಚ್ಚರವಾಗಿರಬೇಡವೆ?

ಪುರಾತನರ ಮಾತೇ ಬೇಕೆಂದರೆ ಅದೂ ಇದೆ. ಸುಶ್ರುತ ಸಂಹಿತೆ ಹುಟ್ಟಿನಿಂದ ಬಂದ ಪ್ರಮೇಹ ಬೇರೆ, ಅಪಥ್ಯದಿಂದ ಬಂದ ಪ್ರಮೇಹ ಬೇರೆ ಎಂದು ವಿಂಗಡಿಸಿದೆ. ಹಣವಿಲ್ಲದ ರೋಗಿಗೆ ಯೋಜನಗಟ್ಟಲೆ ನಡೆಯುವುದನ್ನೂ ಬಾವಿ ತೋಡುವುದನ್ನೂ ಚಿಕಿತ್ಸೆಯಾಗಿ ಹೇಳಿದೆ. ಹಿಂದಿನವರಿಗೆ ಈ ಕಾಯಿಲೆಯೇ ಇರಲಿಲ್ಲವಾದರೆ ಸುಶ್ರುತರು ಇದನ್ನೆಲ್ಲ ಯಾರಿಗಾಗಿ ಬರೆದರು?

ಮೂರನೆಯ ಮಾತು: ಕೊಲೆಸ್ಟರಾಲ್ ಕಂಪನಿಗಳ ಭೂತ.

ಇಲ್ಲಿ ಎದುರು ಪಕ್ಷಕ್ಕೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಔಷಧದ ಕಂಪನಿಗಳು ಧರ್ಮಛತ್ರ ನಡೆಸುತ್ತಿಲ್ಲ, ನಿಜ. ಕೊಲೆಸ್ಟರಾಲ್ ದೇಹಕ್ಕೆ ಬೇಕಾದ ವಸ್ತು, ಅದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ನಿಜ. ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೆಲವರಲ್ಲಿ ಸಕ್ಕರೆಯನ್ನು ಕೊಂಚ ಏರಿಸುತ್ತದೆ, ಅದೂ ನಿಜ. ಇಷ್ಟು ನಿಜಗಳನ್ನು ಕೂಡಿಸಿ, ಆದ್ದರಿಂದ ಕೊಲೆಸ್ಟರಾಲ್ ನಿರಪಾಯಕಾರಿ ಎಂದರೆ ಆ ‘ಆದ್ದರಿಂದ’ ಎಲ್ಲಿಂದ ಬಂತು?

ಹುಟ್ಟಿನಿಂದಲೇ ರಕ್ತದಲ್ಲಿ ಎಲ್.ಡಿ.ಎಲ್. ವಿಪರೀತವಾಗಿರುವ ಕೆಲವು ಮನೆತನಗಳಿವೆ. ತಂದೆ ತಾಯಿ ಇಬ್ಬರಿಂದಲೂ ಆ ದೋಷ ಬಂದ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೃದಯಾಘಾತವಾಗುವುದುಂಟು. ಬೀಡಿಯನ್ನು ಕಾಣದ ಮಕ್ಕಳು, ಚಿಂತೆಯರಿಯದ ಮಕ್ಕಳು. ರಕ್ತದ ಎಲ್.ಡಿ.ಎಲ್.ಅನ್ನು ಹಿಡಿದು ಒಳಗೆಳೆದುಕೊಳ್ಳುವ ದ್ವಾರ ಅವರ ಜೀವಕೋಶಗಳಲ್ಲಿ ಕೆಟ್ಟಿದೆ ಎಂದು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬಿಬ್ಬರು ತೋರಿಸಿಕೊಟ್ಟರು. ಅವರಿಗೆ ೧೯೮೫ರಲ್ಲಿ ನೊಬೆಲ್ ಬಹುಮಾನ ಬಂತು. ಜಪಾನಿನ ಅಕಿರಾ ಎಂಡೊ ೧೯೭೦ರ ದಶಕದಲ್ಲಿ ಒಂದು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದರು. ಆಮೇಲೆ ಲಕ್ಷಾಂತರ ಜನರ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿದಾಗ, ಎಲ್.ಡಿ.ಎಲ್. ಸುಮಾರು ೪೦ ಅಂಶ ಇಳಿದರೆ ಹೃದಯಾಘಾತ ಮುಂತಾದ ದೊಡ್ಡ ಅನಾಹುತಗಳು ಐದರಲ್ಲಿ ಒಂದು ಪಾಲು ತಗ್ಗುತ್ತವೆಂದು ಕಂಡುಬಂತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಮುಂದಾಗಿ ನಿಂತು, ಹೃದ್ರೋಗವಿಲ್ಲದ ೨,೦೫೩ ಮಂದಿಯ ಮೇಲೆ ಒತ್ತಡದ ಮಾತ್ರೆ, ಸ್ಟ್ಯಾಟಿನ್, ಆಸ್ಪಿರಿನ್‌ಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಡುವ ಪ್ರಯೋಗ ನಡೆಸಿ ೨೦೦೯ರಲ್ಲಿ ಪ್ರಕಟಿಸಿದರು. ಭೂತವೆಂದು ಬೈಯುವವರು ಇದರಲ್ಲಿ ಒಂದನ್ನಾದರೂ ಓದಿ ತಪ್ಪು ತೋರಿಸಲಿ, ತಲೆಬಾಗುತ್ತೇನೆ. ಸ್ಟ್ಯಾಟಿನ್ ಈಗ ಜನೌಷಧಿ ಮಳಿಗೆಯಲ್ಲಿ ಅಗ್ಗಕ್ಕೆ ದೊರೆಯುವ ಹಳೆಯ ಮಾತ್ರೆ. ಅದನ್ನು ಹೊಗಳುವುದರಿಂದ ನನಗೆ ಬರುವ ಲಾಭವೂ ಇಲ್ಲ. ಎಲ್ಲರೂ ಅದನ್ನು ನುಂಗಬೇಕೆಂದೂ ನಾನು ಹೇಳುತ್ತಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಅಂಕಿಗಳನ್ನು ನೋಡಿ ವೈದ್ಯರು ಹೇಳಬೇಕು. ಮೈಕಿನ ಮುಂದೆ ನಿಂತವರು ಹೇಳಬಾರದು.

ಇರಲಿ. ಇಷ್ಟು ಹೇಳಿದ ಮಾತ್ರಕ್ಕೆ ನಾನು ಹೆದರಿಸುವವರ ಪಕ್ಷಕ್ಕೆ ಸೇರಿದೆನೆಂದು ಯಾರೂ ಭಾವಿಸಬಾರದು. ಆ ಪಕ್ಷದ ಮೇಲೂ ನನ್ನ ತಕರಾರಿದೆ.

೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಅತ್ತಿತು. ಮರುವಾರ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಗಟ್ಟಿಮುಟ್ಟಾದ ಜನರ ಸಾಲು. ೨೦೨೫ರ ಬೇಸಗೆ ಕಳೆದ ಮೇಲೆ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವದ ಮುಂದೆಯೂ ಅದೇ ನೂಕುನುಗ್ಗಲು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಹಿಂದಿಗಿಂತ ಹೃದಯದ ಸಾವು ಅಲ್ಲಿ ವಿಪರೀತ ಏರಿಲ್ಲವೆಂದೂ, ಸತ್ತವರಲ್ಲಿ ಸಕ್ಕರೆ, ಒತ್ತಡ, ಧೂಮಪಾನ, ಕುಡಿತಗಳಂಥ ಹಳೆಯ ಕಾರಣಗಳೇ ಕಂಡವೆಂದೂ ಸಮಿತಿ ಹೇಳಿತು. ಲಸಿಕೆಯ ಮೇಲೆ ಹೊರಿಸಿದ್ದ ಅಪವಾದಕ್ಕೂ ಆಧಾರ ಸಿಗಲಿಲ್ಲ. ವರದಿ ಬಂದಿತು, ಸಾಲು ಕರಗಿತು. ಹೆದರಿಕೆಯಿಂದ ಬಂದವನು ಹೆದರಿಕೆ ಇಳಿದೊಡನೆ ಹೋಗುತ್ತಾನೆ. ಜೊತೆಗೆ, ವ್ಯಾಯಾಮ ಮಾಡಿದರೆ ಸಾವು ಎಂಬ ಹೊಸ ವೇದಾಂತವನ್ನು ಕಟ್ಟಿಕೊಂಡು ಹೋಗುತ್ತಾನೆ!

ಈ ಹೆದರಿಕೆಯನ್ನು ಕಾಸು ಮಾಡಿಕೊಳ್ಳುವವರೂ ಇದ್ದಾರೆ. ಎಂಬತ್ತು ಪರೀಕ್ಷೆಗೆ ಇಷ್ಟು, ನೂರು ಪರೀಕ್ಷೆಗೆ ಇಷ್ಟು, ಹಬ್ಬದ ರಿಯಾಯಿತಿ ಬೇರೆ. ಎದೆಯ ಮೇಲೆ ತಂತಿ ಇಟ್ಟು ತೆಗೆದ ಇ.ಸಿ.ಜಿ. ಸರಿಯಿದೆ ಎಂದೊಡನೆ ಜನ ಮಿಠಾಯಿ ಹಂಚುತ್ತಾರೆ. ಆ ಕ್ಷಣದಲ್ಲಿ ಹೃದಯ ನೆಮ್ಮದಿಯಾಗಿದೆ ಎಂಬುದಕ್ಕಿಂತ ಹೆಚ್ಚಿನ ಭರವಸೆಯನ್ನು ಆ ಕಾಗದ ಕೊಡಲಾರದು. ನಾಳಿನ ಮಾತು ಅದರಲ್ಲಿ ಬರೆದಿರುವುದಿಲ್ಲ. ಇಲ್ಲಿಯೂ ಕೊನೆಗೆ ದೊರೆಯುವುದು ಅದೇ ಅಭಯ: ಏನೂ ಇಲ್ಲ ಬಿಡಿ. ಒಬ್ಬರು ಪರೀಕ್ಷೆ ಮಾಡದೆ ಹೇಳುತ್ತಾರೆ, ಇನ್ನೊಬ್ಬರು ಬೇಡದ ಪರೀಕ್ಷೆಗಳನ್ನೆಲ್ಲ ಮಾಡಿ ಹೇಳುತ್ತಾರೆ.

ಹಾಗಾದರೆ ಬೇಕಾದುದೇನು? ದೊಡ್ಡದೇನಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ನಾಲ್ಕು ಅಂಕಿ ಗೊತ್ತಿರಬೇಕು: ರಕ್ತದ ಒತ್ತಡ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ, ಕೊಲೆಸ್ಟರಾಲ್, ಸೊಂಟದ ಸುತ್ತಳತೆ. ಗಂಡಸಿಗೆ ೯೦ ಸೆಂಟಿಮೀಟರು, ಹೆಂಗಸಿಗೆ ೮೦ ಮೀರಿದರೆ ಅದನ್ನು ಸುಖದ ಹೊಟ್ಟೆಯೆನ್ನುವುದನ್ನು ಬಿಡಬೇಕು. ಇದರ ಜೊತೆಗೆ ಎರಡು ಪ್ರಶ್ನೆ: ಬೀಡಿ ಸಿಗರೇಟು ಉಂಟೆ? ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಎದೆನೋವಿನಿಂದ ಹೋದವರಿದ್ದಾರೆಯೆ? ಮಗ್ಗಿ ಕಲಿತವರಿಗೆಲ್ಲ ಅರ್ಥವಾಗುವ ಲೆಕ್ಕ ಇದು.

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನಲಾರೆ. ಮನೆಮನೆಗೆ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ೨೦೨೪ರಲ್ಲಿ ಕೋಲಾರದಿಂದ ಆರಂಭವಾಯಿತು. ಹೃದಯಾಘಾತವಾದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆಗೆ ಪುನೀತ್ ರಾಜ್‌ಕುಮಾರ್ ಹೆಸರನ್ನೇ ಇಟ್ಟಿದ್ದಾರೆ; ಸ್ಮಾರಕವೆಂದರೆ ಹೀಗಿರಬೇಕು. ಆದರೆ ಸೋಡಾ ಕುಡಿಸುತ್ತ ಎರಡೂವರೆ ಗಂಟೆ ಕಳೆದ ಮನೆಗೆ ಆ ಮದ್ದು ಎಷ್ಟು ಹತ್ತಿರವಿದ್ದರೇನು? ತಪಾಸಣೆ ಸಕ್ಕರೆ ಮತ್ತು ಒತ್ತಡಕ್ಕೆ ನಿಲ್ಲದೆ ಕೊಲೆಸ್ಟರಾಲನ್ನೂ ಹೋಬಳಿಯ ಮಟ್ಟದಲ್ಲೇ ನೋಡುವಂತಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚೀಟಿ ಕೊಟ್ಟು ಕೈತೊಳೆದುಕೊಳ್ಳಬಾರದು. ಆ ಚೀಟಿಯನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳುವ, ಮೂರು ತಿಂಗಳ ಮೇಲೆ ಮತ್ತೆ ಕರೆಯುವ ಒಬ್ಬ ಮನುಷ್ಯ ಬೇಕು. ಆ ಕೆಲಸವನ್ನು ನನ್ನಂಥ ಅಣ್ಣಂದಿರಿಗೆ ಬಿಟ್ಟರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ.

ಗಡಿಯಲ್ಲಿರುವವನಿಗೆ ಹೇಳಲು ಒಳ್ಳೆಯ ಸುದ್ದಿಯೂ ಉಂಟು. ಚೀನದ ಡಾಚಿಂಗ್ ಎಂಬ ಊರಿನಲ್ಲಿ ೧೯೮೬ರಿಂದ ಆರು ವರ್ಷ, ನನ್ನ ತಮ್ಮನಂತೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಜನರಲ್ಲಿ ಕೆಲವರಿಗೆ ಊಟ ಮತ್ತು ನಡಿಗೆಯಲ್ಲಿ ಮಾರ್ಪಾಡು ಹೇಳಿಕೊಟ್ಟರು. ಮೂವತ್ತು ವರ್ಷ ಕಳೆದು ನೋಡಿದಾಗ, ಹೇಳಿಸಿಕೊಂಡವರಲ್ಲಿ ಸಕ್ಕರೆ ಕಾಯಿಲೆ ತಡವಾಗಿ ಬಂದಿತ್ತು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸತ್ತವರೂ ಕಡಿಮೆಯ ಮಂದಿ. ಆರು ವರ್ಷದ ಮಾತು ಮೂವತ್ತು ವರ್ಷ ಕಾಯಿತು. ನಮ್ಮಲ್ಲಿ ಅದಕ್ಕೆ ಹೊಸ ಪದಾರ್ಥವೇನೂ ಬೇಡ. ಮುದ್ದೆ ಅರ್ಧವಾಗಲಿ, ಅವರೆ, ಹುರುಳಿ, ಅಲಸಂದೆ, ಸೊಪ್ಪು ಎರಡರಷ್ಟಾಗಲಿ. ಟೀಗೆ ಸಕ್ಕರೆ ಇಳಿಯಲಿ. ತೋಟಕ್ಕೆ ಬೈಕು ಬಿಟ್ಟು ನಡೆಯೋಣ. ದುರ್ಗದ ನರಸಿಂಹನಿಗೆ ಹರಕೆ ಹೊತ್ತವರು ಬೆಟ್ಟವನ್ನು ಕಾರಿನಲ್ಲಿ ಏರುವುದು ಬಿಟ್ಟು ಮೆಟ್ಟಿಲಲ್ಲಿ ಏರಿದರೆ ಸ್ವಾಮಿಯೇನೂ ಮುನಿಯಲಾರ.

ಭಾಷಣಕಾರ ಮಹನೀಯರ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಅವರು ಹೇಳಿದುದು ಜನಕ್ಕೆ ಪ್ರಿಯವಾದ ಮಾತು. ನಾನು ನನ್ನ ತಮ್ಮನಿಗೆ ಹೇಳಿದುದೂ ಪ್ರೀತಿಯ ಮಾತೇ. ಪ್ರೀತಿಯಿಂದ ಹೇಳಿದ ಸುಳ್ಳಿಗೂ ರಕ್ತನಾಳ ಸಡಿಲವಾಗುವುದಿಲ್ಲ ಎಂಬುದಷ್ಟೇ ನನ್ನ ವಾದ.

ಮೊನ್ನೆ ತಮ್ಮನ ಮಗ, ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ, ತನ್ನ ಚೀಟಿಯನ್ನು ತಂದು ತೋರಿಸಿದ. ವಯಸ್ಸು ಇಪ್ಪತ್ತಾರು. ಸಕ್ಕರೆ ೧೦೪. ಎಲ್.ಡಿ.ಎಲ್. ೧೫೨. “ದೊಡ್ಡಪ್ಪ, ಏನೂ ಇಲ್ಲ ಅಲ್ವಾ?” ಎಂದು ಕೇಳಿದ. ಬಾಯಿಯವರೆಗೆ ಬಂದ ಆ ಹಳೆಯ ಮಾತನ್ನು ನುಂಗಿಕೊಂಡೆ. “ಇದೆ ಕಣಪ್ಪ. ನಾಳೆ ಬೆಳಿಗ್ಗೆ ನಾನೂ ಬರ್ತೀನಿ, ಡಾಕ್ಟರ ಹತ್ತಿರ ಹೋಗೋಣ. ಸಂಜೆಯಿಂದ ನನ್ನ ಜೊತೆ ಕೆರೆ ಏರಿ ಮೇಲೆ ನಡಿ” ಎಂದೆ. ಅವನ ಮುಖ ಸಣ್ಣದಾಯಿತು. ಒಳಗಿನಿಂದ ನಮ್ಮ ಮಾತು ಕೇಳುತ್ತಿದ್ದ ಅವನ ತಾಯಿ ಬಾಗಿಲಿಗೆ ಬಂದು ನಿಂತಳು. ಏನೂ ಹೇಳಲಿಲ್ಲ. ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಪಂಚಾಂಗದೊಳಗೆ ಇಡಲಿಲ್ಲ. ಅಡಿಗೆಮನೆಯ ಗೋಡೆಗೆ, ಎಲ್ಲರ ಕಣ್ಣಿಗೂ ಬೀಳುವ ಕಡೆ, ಮೊಳೆ ಹೊಡೆದು ಸಿಕ್ಕಿಸಿದಳು.